ತಳದ ನೀರು

ನಾನು ಒಂದು ಹಾಲುಮಾಪಕ. ಅಂಗಡಿಯವರು ಲ್ಯಾಕ್ಟೋಮೀಟರ್ ಎನ್ನುತ್ತಾರೆ, ಈರಕ್ಕ ‘ಗಾಜಿನ ಕಡ್ಡಿ’ ಎನ್ನುತ್ತಾಳೆ. ಅನುಮಾನ ಪಡುವುದೇ ನನ್ನ ಕಸುಬು. ನೀವು ಈಗಷ್ಟೇ ಕುಡಿದಿಟ್ಟ ಕಾಫಿಯ ಹಾಲಿನ ಬಗ್ಗೆಯೂ ನನಗೊಂದು ಅಭಿಪ್ರಾಯವಿರಬಹುದು. ಕೇಳದೆ ಹೇಳುವುದಿಲ್ಲ.

ಉತ್ತರದ ಯಾವುದೋ ಊರಿನ ಗಾಜಿನ ಕಾರ್ಖಾನೆಯಲ್ಲಿ ಒಬ್ಬ ಮುದುಕ ಕೊಳವೆಗೆ ಬಾಯಿಟ್ಟು ಊದಿದ. ಅವನ ಉಸಿರು ನನ್ನ ಹೊಟ್ಟೆಯಾಯಿತು. ಬುಡದ ಬುರುಡೆಗೆ ಸೀಸದ ಚೂರು ತುಂಬಿ, ಕತ್ತಿನೊಳಗೆ ಗೆರೆ ಎಳೆದ ಕಾಗದದ ಸುರುಳಿ ಇಳಿಸಿ, ಬಾಯಿ ಮುಚ್ಚಿದರು. ಮೇಲಿನ ಗೆರೆ ನೀರಿನದು, ಕೆಳಗಿನ ಗೆರೆ ಹಾಲಿನದು. ಹಾಲು ನೀರಿಗಿಂತ ಸಾಂದ್ರವಾದ್ದರಿಂದ ಒಳ್ಳೆಯ ಹಾಲಿನಲ್ಲಿ ನಾನು ಕತ್ತೆತ್ತಿ ನಿಲ್ಲುತ್ತೇನೆ. ನೀರು ಬೆರೆತಷ್ಟೂ ಮುಳುಗುತ್ತೇನೆ. ಇಷ್ಟೇ ನನ್ನ ವಿದ್ಯೆ. ಎಷ್ಟು ನೀರಿದೆ ಎಂದು ಹೇಳಬಲ್ಲೆ. ಯಾರು ಹಾಕಿದರು ಎಂದು ಹೇಳಲಾರೆ. ನನ್ನನ್ನು ಕೊಂಡವರು ಈ ಎರಡನೆಯದನ್ನೂ ನನ್ನಿಂದಲೇ ನಿರೀಕ್ಷಿಸಿದರು.

ಕೊಂಡವರು ತಿಪಟೂರಿನ ಪಂಚಾಕ್ಷರಯ್ಯ ಮೇಷ್ಟ್ರು. ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಗಳನ್ನು ಮಾಡಿಸುತ್ತಿದ್ದರು. ಕಾಲೇಜು ಮುಗಿದ ಮೇಲೆ ಮನೆಯಲ್ಲಿ ಮುಂದುವರಿಸುತ್ತಿದ್ದರು. ಕಾಫಿಪುಡಿಯನ್ನು ತಣ್ಣೀರಿನ ಮೇಲೆ ಉದುರಿಸಿ, ಮುಳುಗಿದ್ದು ಚಿಕೋರಿ ಎಂದು ಅಂಗಡಿಯವನಿಗೆ ಹಿಂದಿರುಗಿಸುತ್ತಿದ್ದರು. ಟೀಪುಡಿಯ ಮೇಲೆ ಅಯಸ್ಕಾಂತ ಆಡಿಸುತ್ತಿದ್ದರು. ಇಂಗನ್ನು ಬೆಂಕಿಗೆ ಹಿಡಿದು ಉರಿಯುವ ರೀತಿ ನೋಡುತ್ತಿದ್ದರು. ಮನೆಗೆ ನೆಂಟರು ತಂದ ಜೇನುತುಪ್ಪ ಕೂಡ ಮೊದಲು ದೀಪದ ಬತ್ತಿಗೆ ಹೋಗಿ, ಅಲ್ಲಿ ಉರಿದರೆ ಮಾತ್ರ ಬಾಯಿಗೆ ಬರುತ್ತಿತ್ತು. ನೆಂಟರು ಅಷ್ಟೂ ಹೊತ್ತು ನಡುಮನೆಯಲ್ಲಿ ಪರೀಕ್ಷೆ ಬರೆದ ಹುಡುಗರ ಹಾಗೆ ಕೂತಿರುತ್ತಿದ್ದರು.

ಅವರ ಒಬ್ಬಳೇ ಮಗಳು ವಿಶಾಲಾಕ್ಷಿ. ಆಗ ಅವಳಿಗೆ ಹತ್ತು ವರ್ಷ. ಅವಳ ಬೆಳಗು ಆರಂಭವಾಗುತ್ತಿದ್ದದ್ದು ಈರಕ್ಕನಿಂದ. ಕೆರೆಯಾಚೆಯ ಹಳ್ಳಿಯಿಂದ ತಲೆಯ ಮೇಲೆ ಹಾಲಿನ ಗಡಿಗೆ ಹೊತ್ತು ಬರುತ್ತಿದ್ದ ಈರಕ್ಕ ಮೊದಲು ಬೆರಳಿನಲ್ಲಿ ನೊರೆ ತೆಗೆದು ವಿಶಾಲುವಿನ ಮೂಗಿನ ಕೆಳಗೆ ಮೀಸೆ ಬರೆಯುತ್ತಿದ್ದಳು. “ಈಗ ನೀನೇ ಮೇಷ್ಟ್ರು. ಲೆಕ್ಕ ಕೇಳು, ಹೇಳ್ತೀನಿ,” ಎನ್ನುತ್ತಿದ್ದಳು. ತನ್ನ ಹಸು ಗೌರಿ ನಿನ್ನೆ ಏನು ಕಿತಾಪತಿ ಮಾಡಿತು ಎಂಬುದನ್ನು ಆ ಹೊಸಿಲಿನ ಮೇಲೆ ಕೂತು ಹೇಳದೆ ಹೋದ ದಿನವಿರಲಿಲ್ಲ. ವಿಶಾಲು ಗೌರಿಯನ್ನು ನೋಡಿರಲಿಲ್ಲ. ಆದರೂ ಶಾಲೆಯಲ್ಲಿ ‘ನಮ್ಮ ಗೌರಿ’ ಎಂದೇ ಹೇಳುತ್ತಿದ್ದಳು.

ನಾನು ಬಂದ ಮರುದಿನವೇ ಈ ಸಂತೋಷಕ್ಕೆ ಕುತ್ತು ಬಂತು. ಈರಕ್ಕ ಸುರಿದ ಹಾಲಿನ ಪಾತ್ರೆಯನ್ನು ಮೇಷ್ಟ್ರ ತಾಯಿ ತಂದಿಟ್ಟರು, ಮೇಷ್ಟ್ರು ನನ್ನನ್ನು ಅದಕ್ಕಿಳಿಸಿದರು. ನಾನು ಹಾಲಿನ ಗೆರೆ ದಾಟಿ ಮುಳುಗಿದೆ. ಮೇಷ್ಟ್ರ ಹುಬ್ಬು ಮೇಲೇರಿತು. ಬಿಸಿ ಹಾಲಿನಲ್ಲಿ ನಾನು ಹೆಚ್ಚು ಮುಳುಗುತ್ತೇನೆಂದು ಅವರಿಗೆ ತಿಳಿದಿತ್ತು. ಹಾಗಾಗಿ ಹಾಲು ಆರಲು ಬಿಟ್ಟು ಮತ್ತೆ ನೋಡಿದರು. ಕೈ ಅಲುಗಿರಬಹುದೆಂದು ಪಾತ್ರೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನೋಡಿದರು. ನನ್ನ ಮೇಲೆಯೇ ಅನುಮಾನ ಬಂದು ಕಾಲೇಜಿಗೆ ಒಯ್ದು, ಅಲ್ಲಿನ ಇನ್ನೊಂದು ಮಾಪಕದ ಪಕ್ಕ ನಿಲ್ಲಿಸಿ ನೋಡಿದರು. ನಾನು ಸುಳ್ಳು ಹೇಳಿರಲಿಲ್ಲ.

ಒಂದು ವಾರ ಹೀಗೆ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಬೀದಿಯ ನಾಲ್ಕು ಮನೆಯವರು ಕೇಳುವ ಹಾಗೆ ವಿಚಾರಣೆಯಾಯಿತು.

“ಈರಕ್ಕ, ಇದನ್ನು ನೋಡಮ್ಮ. ಎಲ್ಲಿ ನಿಲ್ಲಬೇಕಿತ್ತು, ಎಲ್ಲಿ ನಿಂತಿದೆ?”

“ಆ ಕಡ್ಡಿ ಯಾವತ್ತಾನ ಹಸ ಕಂಡೈತಾ ಮೇಷ್ಟ್ರೇ? ನಂ ಗೌರಿ ಹಾಲು ಅದಕ್ಕೆ ಹೆಂಗೊತ್ತಾಯ್ತದೆ?”

“ಮಾತು ಬೇಡ. ಗಡಿಗೆ ತೋರಿಸು.”

ಮೇಷ್ಟ್ರು ಗಡಿಗೆಯನ್ನು ಬಾಗಿಸಿ ನೋಡಿದರು, ಮೂಸಿದರು, ಅಳತೆಯ ಪಾವನ್ನು ಬೋರಲು ಹಾಕಿ ಬಡಿದರು. ನೀರಿನ ಸುಳಿವು ಎಲ್ಲೂ ಸಿಗಲಿಲ್ಲ.

“ನೀನು ಹಾಕಿಲ್ಲ ಅಂತೀಯ. ಸರಿ, ನಂಬೋಣ. ಹಾಲು ಕರೆಯೋದು ಯಾರು?”

“ನಮ್ಮೆಜಮಾನ. ನಾನು ಮುದ್ದೆಗೆ ಎಸರಿಡೋ ಹೊತ್ಗೆ ಕರೆದು ಇಟ್ಟಿರ್ತಾನೆ.”

“ಹಾಗಾದರೆ ನೀನು ನೋಡಿರೋದಿಲ್ಲ.”

ಈರಕ್ಕ ಗಡಿಗೆಯೊಳಗೆ ಇಣುಕಿದಳು. ಮೇಷ್ಟ್ರ ಕಣ್ಣಿನಲ್ಲಿದ್ದ ಅನುಮಾನ ಈರಕ್ಕನ ಕಣ್ಣಿಗೆ ದಾಟಿದ್ದನ್ನು ಹಾಲಿನಲ್ಲಿ ನಿಂತೇ ಕಂಡೆ. ಅವಳು ಗಡಿಗೆ ಎತ್ತಿಕೊಂಡು, ಸಿಂಬಿಯನ್ನು ತಲೆಗೆ ಇಡುವುದನ್ನೂ ಮರೆತು, ಕಂಕುಳಲ್ಲಿ ಹೊತ್ತು ಹೋದಳು. ಆ ಬೀದಿಗೆ ಮತ್ತೆ ಬರಲಿಲ್ಲ. ಮೇಷ್ಟ್ರು ಪರೀಕ್ಷೆ ಮಾಡಿದ ಮೇಲೆ ಉಳಿದ ಮನೆಯವರೂ ಅವಳಿಗೆ ಬೇಡವೆಂದಿದ್ದರು. ವಿಶಾಲು ಎರಡು ದಿನ ಹಾಲು ಕುಡಿಯಲಿಲ್ಲ. ಮೂರನೆಯ ದಿನ ನನ್ನನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟಳು. ಮೇಷ್ಟ್ರು ಕೆಲಸದವಳನ್ನು ಅನುಮಾನಿಸಿದರು.

ಆಮೇಲೆ ಬಂದ ಹಾಲಿನವರೆಲ್ಲ ಕಳ್ಳರೇ. ಸೈಕಲ್ಲಿನ ಕ್ಯಾನಿನವನು, ಎಮ್ಮೆ ಸಾಕಿದ್ದ ಹಿಂದಿನ ಬೀದಿಯ ಜವರಪ್ಪ, ಎಲ್ಲರ ಹಾಲಿನಲ್ಲೂ ನಾನು ಅಷ್ಟಷ್ಟೇ ಮುಳುಗಿದೆ. ಕಡೆಗೆ ಪ್ಯಾಕೆಟ್ ಹಾಲು ಬಂತು. ಅದರಲ್ಲೂ ಮುಳುಗಿದೆ. “ಇವರೂ ಕಲಿತುಬಿಟ್ಟರು,” ಎಂದು ಮೇಷ್ಟ್ರು ತೃಪ್ತಿಯಿಂದ ಹೇಳಿ ನನ್ನನ್ನು ಒರೆಸಿ ಡ್ರಾಯರಿನಲ್ಲಿ ಮಲಗಿಸಿದರು. ಲೋಕದ ಬಗೆಗಿನ ಅವರ ಅಭಿಪ್ರಾಯ ಸಾಬೀತಾಗಿತ್ತು. ಅಲ್ಲಿ ಮುರಿದ ಥರ್ಮಾಮೀಟರಿನ ಪಕ್ಕ ನಾನು ಬಹಳ ಕಾಲ ಇದ್ದೆ.

ಡ್ರಾಯರಿನ ಸಂದಿಯಿಂದ ಮನೆಯ ಸುದ್ದಿ ಕೇಳುತ್ತಿತ್ತು. ವಿಶಾಲುವನ್ನು ನೋಡಲು ಬಂದ ಗಂಡಿನ ಡಿಗ್ರಿ ಸರ್ಟಿಫಿಕೇಟನ್ನು ಮೇಷ್ಟ್ರು ಬೆಳಕಿಗೆ ಹಿಡಿದು ನೋಡಿದರಂತೆ. ಅವನು ನಕ್ಕು, “ಅಯಸ್ಕಾಂತ ತರಿಸ್ಲಾ ಮಾವ?” ಎಂದನಂತೆ. ಆ ಮಾತಿಗೇ ವಿಶಾಲು ಒಪ್ಪಿದಳು. ಅವಳೂ ರಸಾಯನಶಾಸ್ತ್ರ ಓದಿ ಪಾಠ ಹೇಳಿ ನಿವೃತ್ತಳಾದಳು. ಅಜ್ಜಿ ಶಿವನಂಜಮ್ಮ ಹೋದರು, ಅಮ್ಮ ಹೋದರು. ವಯಸ್ಸಾದ ಮೇಷ್ಟ್ರನ್ನು ವಿಶಾಲು ಅದೇ ಊರಿನಲ್ಲಿದ್ದ ತನ್ನ ಮನೆಗೆ ಕರೆತಂದಳು. ಅವರ ಟ್ರಂಕಿನಲ್ಲಿ ನಾನೂ ಬಂದು ಅಲ್ಲಿನ ಅಡುಗೆಮನೆಯ ಡ್ರಾಯರು ಸೇರಿದೆ. ಅಪ್ಪನ ಪರೀಕ್ಷೆಗಳ ಕಥೆಗಳನ್ನು ಅವಳು ಸೊಸೆಗೆ ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಈರಕ್ಕನ ಕಥೆಗೆ ಬಂದಾಗ ಮಾತ್ರ ಮೀಸೆಯವರೆಗೆ ಹೇಳಿ ನಿಲ್ಲಿಸುತ್ತಿದ್ದಳು.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಸೊಸೆ ಕೇಳಿದಳು: “ಅತ್ತೆ, ನೀವು ಹಾಲು ಹಾಕೋ ಮೊದ್ಲು ಪಾತ್ರೆಗೆ ಯಾಕೆ ನೀರು ಹಾಕ್ತೀರ?”

“ತಳ ಹಿಡಿಯಬಾರದಲ್ಲ ಅದಕ್ಕೆ. ಒಣ ಪಾತ್ರೆಗೆ ಹಾಲು ಹಿಡಿಯಬಾರದು ಅಂತ ನಮ್ಮಜ್ಜಿ…”

ಸ್ವಲ್ಪ ಹೊತ್ತಿಗೆ ಡ್ರಾಯರ್ ತೆರೆಯಿತು. ವಿಶಾಲು ಒಣ ಪಾತ್ರೆಗೆ ಹಾಲು ಸುರಿದು ನನ್ನನ್ನು ಇಳಿಸಿದಳು. ನಾನು ಹಾಲಿನ ಗೆರೆಯಲ್ಲಿ ಕತ್ತೆತ್ತಿ ನಿಂತೆ. ಅಜ್ಜಿಯ ಹಾಗೆ ತಳ ಮುಚ್ಚುವಷ್ಟು ನೀರು ಬಿಟ್ಟು, ಅದರ ಮೇಲೆ ಹಾಲು ಸುರಿದು ಇಳಿಸಿದಳು. ಆ ವಿಚಾರಣೆಯ ಬೆಳಿಗ್ಗೆ ಈರಕ್ಕನ ಎದುರು ಮುಳುಗಿದಷ್ಟೇ ಮುಳುಗಿದೆ.

ಅವಳು ಮೊದಲು ನಕ್ಕಳು. ಆಮೇಲೆ ಸ್ಟೂಲು ಎಳೆದುಕೊಂಡು ಕೂತಳು. ಈರಕ್ಕ ಹಾಲು ಸುರಿಯುತ್ತಿದ್ದದ್ದು ಅಜ್ಜಿ ಹಿಡಿದ ಪಾತ್ರೆಗೆ. ಎಲ್ಲರ ಮನೆಯಲ್ಲೂ ಪಾತ್ರೆಯ ತಳದಲ್ಲಿ ಆ ನೀರು ಇದ್ದೇ ಇರುತ್ತಿತ್ತು. ಸುರಿಯುವವಳ ಕಣ್ಣಿಗೂ ಹಿಡಿಯುವವರ ಕಣ್ಣಿಗೂ ಅದು ಪಾತ್ರೆಯದೇ ಒಂದು ಭಾಗ. ಜಗತ್ತನ್ನೆಲ್ಲ ಮೂಸಿ ನೋಡಿದ ಮೇಷ್ಟ್ರು ತಮ್ಮ ತಾಯಿಯ ಕೈಯಲ್ಲಿದ್ದ ಪಾತ್ರೆಯನ್ನು ಮಾತ್ರ ನೋಡಿರಲಿಲ್ಲ.

ವಿಶಾಲು ಎರಡು ಪಾತ್ರೆಗಳನ್ನೂ ತಂದೆಯ ಮುಂದಿಟ್ಟಳು. ಮೇಷ್ಟ್ರು ಕನ್ನಡಕ ಹಾಕಿಕೊಂಡರು.

“ಇನ್ನೊಂದು ಸಲ ಮಾಡು.”

ಮಾಡಿದಳು.

“ಪಾತ್ರೆ ಬದಲಿಸಿ ಮಾಡು.”

ಮಾಡಿದಳು. ಅವರು ನನ್ನನ್ನು ಹಾಲಿನಿಂದ ಎತ್ತಿ ಒರೆಸಿದರು. “ಅವಳು ಬದುಕಿದಾಳಾ?” ಎಂದರು.

ಕೆರೆಯಾಚೆಯ ಹಳ್ಳಿ ಈಗ ಊರಿಗೇ ಸೇರಿಕೊಂಡಿದೆ. ಆಟೋದವನಿಗೆ ಈರಕ್ಕನ ಮನೆ ಗೊತ್ತಿತ್ತು. ನಾನು ಕರವಸ್ತ್ರದಲ್ಲಿ ಸುತ್ತಿಕೊಂಡು ಮೇಷ್ಟ್ರ ಅಂಗಿಯ ಜೇಬಿನಲ್ಲಿ ಹೋದೆ. ಅವರ ಎದೆ ಬಡಿಯುವುದು ನನ್ನ ಸೀಸದ ಚೂರುಗಳಿಗೂ ತಾಗುತ್ತಿತ್ತು.

ಈರಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಮುಖವೆಲ್ಲ ಸುಕ್ಕು. ಗುರುತು ಹಿಡಿಯಲು ಹೊತ್ತು ಬೇಕಾಗಲಿಲ್ಲ.

“ಯಾರು, ಮೀಸೆ ಮೇಷ್ಟ್ರಾ?” ಎಂದು ವಿಶಾಲುವಿನ ಗಲ್ಲ ಹಿಡಿದಳು. ಹಿಂದೆ ನಿಂತವರನ್ನು ನೋಡಿ ಕೈ ಬಿಟ್ಟಳು. “ಕಡ್ಡಿ ತಂದಿದೀರಾ ಸಾಮಿ?”

“ತಂದಿದೀನಿ,” ಎಂದರು ಮೇಷ್ಟ್ರು. ಗೋಡೆಗೆ ಕೈ ಊರಿ ನಿಂತೇ ಎಲ್ಲವನ್ನೂ ಹೇಳಿದರು. ಪಾಠ ಹೇಳಿದ ಹಾಗೆ ಹೇಳಿದರು. “ನೀರು ನಮ್ಮ ಪಾತ್ರೆಯದು. ನಮ್ಮಮ್ಮ ಹಾಕ್ತಿದ್ದದ್ದು. ನಿನ್ನದೇನೂ ತಪ್ಪಿರಲಿಲ್ಲ.”

ಈರಕ್ಕ ಒಂದು ಕಾಯಿ ಸುಲಿದಳು. ಕಾಳು ಮೊರಕ್ಕೆ ಬಿತ್ತು.

“ನಂದಲ್ಲ ಅಂತ ನಂಗೊತ್ತಿತ್ತು ಸಾಮಿ. ಅವ್ನದಲ್ಲ ಅಂತ ಗೊತ್ತಿರ್ಲಿಲ್ಲ.”

ಇನ್ನೊಂದು ಕಾಯಿ ಎತ್ತಿಕೊಂಡಳು. “ಅವತ್ತು ಮನೆಗೆ ಬಂದು ಕೇಳ್ದೆ. ಗೌರಿ ಬೆನ್ನಿನ ಮ್ಯಾಲೆ ಕೈಯಿಟ್ಟು ಆಣೆ ಮಾಡ್ದ. ಮೇಷ್ಟ್ರು ಓದ್ದೋರು, ಕಡ್ಡಿ ಸುಳ್ಳು ಹೇಳ್ತದಾ ಅಂದೆ. ಆವತ್ತಿಂದ ಅವ್ನು ಹಸಿನ ಹತ್ರ ಹೋಗ್ಲಿಲ್ಲ. ನಾನೇ ಕರೀತಿದ್ದೆ. ನಾನು ಕೊಟ್ಟ ಹಾಲನ್ನೂ ಕುಡೀತಿರ್ಲಿಲ್ಲ. ಸಾಯೋಗಂಟ ಕರಿ ಕಾಫೀನೇ ಕುಡ್ಕಂಡು ಹೋದ.” ಒಳಗಿನ ಗೋಡೆಯ ಮೇಲೆ ಒಂದು ಫೋಟೋ ಇತ್ತು. ರುಮಾಲು ಸುತ್ತಿದ, ಯಾರನ್ನೂ ಆಕ್ಷೇಪಿಸದ ಮುಖ.

ವಿಶಾಲು ಅಳುತ್ತಿದ್ದಳು. ಮೇಷ್ಟ್ರು ಕೈಜೋಡಿಸಲು ಹೋದರು. ಈರಕ್ಕ ತಡೆದಳು. “ಕೂತ್ಕಳಿ ಸಾಮಿ. ಬಿದ್ದೀರಾ. ಆಮ್ಯಾಲೆ ನಾನೇ ತಳ್ಳಿದ್ದು ಅಂದೀರಾ.”

ಅವಳ ಸೊಸೆ ಕಾಫಿ ತಂದಳು. ಮೇಷ್ಟ್ರ ಕೈ ಅಭ್ಯಾಸ ತಪ್ಪದೆ ಲೋಟವನ್ನು ಬೆಳಕಿಗೆ ಎತ್ತಿತು. ಅರ್ಧದಲ್ಲಿ ನಿಂತಿತು. ಅವರು ಕಣ್ಣು ಮುಚ್ಚಿ ಕುಡಿದರು.

ಹೊರಡುವಾಗ ಈರಕ್ಕ ಕೈ ಚಾಚಿದಳು. “ಆ ಕಡ್ಡಿ ಇಲ್ಲಿರ್ಲಿ.”

ಹಾಗೆ ನಾನು ಈ ಗೋಡೆಯ ಗೂಡಿಗೆ ಬಂದೆ, ಫೋಟೋದ ಕೆಳಗೆ. ಕಾಗದದ ಸುರುಳಿ ಹಳದಿಯಾಗಿದೆ. ಗೆರೆಗಳು ಇನ್ನೂ ಕಾಣುತ್ತವೆ. ದಿನವೂ ಬೆಳಿಗ್ಗೆ ಈರಕ್ಕ ಗಂಡನ ಎದುರಿಗೆ ಒಂದು ಲೋಟ ಹಾಲಿಟ್ಟು, ಅದರಲ್ಲಿ ನನ್ನನ್ನು ಇಳಿಸಿ, ಫೋಟೋದತ್ತ ತಿರುಗಿಸುತ್ತಾಳೆ. ಅವಳಿಗೆ ಗೆರೆ ಓದಲು ಬರುವುದಿಲ್ಲ. ನಾನು ಕತ್ತೆತ್ತಿದ್ದೇನೋ ಇಲ್ಲವೋ ಎಂಬುದಷ್ಟೇ ಅವಳಿಗೆ ಬೇಕು.

ಮೊನ್ನೆ ನಾನು ಸ್ವಲ್ಪ ಮುಳುಗಿದೆ. ಈರಕ್ಕನ ಹುಬ್ಬು ಮೇಲೇರಿತು. ಹಾಲು ತಂದ ಸೊಸೆಯ ಕಡೆಗೆ ತಿರುಗಿದಳು. ಆ ಹುಬ್ಬನ್ನು ನಾನು ಹಿಂದೊಮ್ಮೆ ಬೇರೆ ಮುಖದಲ್ಲಿ ಕಂಡಿದ್ದೆ, ನನ್ನ ಗಾಜಿಗೆ ಚಳಿಯಾಯಿತು. ಸೊಸೆ ಬಾಗಿಲಲ್ಲಿ ನಿಂತಿದ್ದಳು. ಈರಕ್ಕ ಅವಳನ್ನು ನೋಡಿದಳು, ಫೋಟೋವನ್ನು ನೋಡಿದಳು. ಏನೂ ಕೇಳಲಿಲ್ಲ. ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಲೋಟವನ್ನು ಬೋರಲು ಹಾಕಿ ಕೊಡವಿದಳು. ಸೆರಗಿನ ತುದಿಯಿಂದ ತಳದವರೆಗೂ ಒರೆಸಿದಳು. ಆಮೇಲೆ ಗಡಿಗೆಯಿಂದ ಹೊಸ ಹಾಲು ಸುರಿದು ನನ್ನನ್ನು ಮತ್ತೆ ಇಳಿಸಿದಳು.