ಹೆಪ್ಪು

ಮೂರನೆಯ ದಿನವೂ ಫ್ಲಾಸ್ಕಿನ ತಳದಲ್ಲಿ ಅದೇ ಹಳದಿ ಎಣ್ಣೆ. ಹರಳಿನ ಸುಳಿವೇ ಇಲ್ಲ. ಪ್ರೊಫೆಸರಮ್ಮ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಎಣ್ಣೆ ಎಣ್ಣೆಯೇ.

ಇಪ್ಪತ್ತಾರು ವರ್ಷಗಳ ಹಿಂದೆ ಇದೇ ಬೆಂಚಿನ ಮೇಲೆ ಇದೇ ಪದಾರ್ಥ ಬಿಳಿ ಹರಳಾಗಿ ಉದುರಿತ್ತು. ಅದರ ಬಗ್ಗೆ ಅವರು ಬರೆದ ನಾಲ್ಕು ಪುಟದ ಪ್ರಬಂಧವನ್ನು ಇಲ್ಲಿಯವರೆಗೆ ನಾನೂರ ಹನ್ನೆರಡು ಪ್ರಬಂಧಗಳು ಉಲ್ಲೇಖಿಸಿದ್ದವು. ಅವರ ಮಿಕ್ಕ ಪ್ರಬಂಧಗಳ ಉಲ್ಲೇಖಗಳನ್ನೆಲ್ಲ ಒಟ್ಟು ಹಾಕಿದರೂ ಅದರ ಅರ್ಧಕ್ಕೆ ಬರುತ್ತಿರಲಿಲ್ಲ. ಬರುವ ವಾರದ ನಿವೃತ್ತಿ ಭಾಷಣವೂ ಅದರ ಮೇಲೆಯೇ. ಅಷ್ಟರಲ್ಲಿ ಯಾವುದೋ ಸಣ್ಣ ಕಾಲೇಜಿನ ಸಂಶೋಧನಾ ವಿದ್ಯಾರ್ಥಿನಿಯಿಂದ ಪತ್ರ ಬಂದಿತ್ತು: "ಮೇಡಂ, ಆರು ಸಲ ಮಾಡಿದೆ. ಬರೀ ಎಣ್ಣೆ ಬರ್ತಿದೆ. ನಿನ್ನ ಕೈಗುಣವೇ ಸರಿಯಿಲ್ಲ, ಬಿಟ್ಟುಬಿಡು ಅಂತಿದಾರೆ ನಮ್ಮ ಗೈಡು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದುಕೊಂಡೇ ಪ್ರೊಫೆಸರಮ್ಮ ತಾವು ಮಾಡಿ ತೋರಿಸಲು ಹೊರಟಿದ್ದರು. ಈಗ ನೋಡಿದರೆ ನೆಲವೇ ಡೊಂಕು! ಅವರಿಗೆ ನಿಜಕ್ಕೂ ಹೆದರಿಕೆಯಾಯಿತು. ಪ್ರಬಂಧವೇ ಸುಳ್ಳಾದರೆ? ನಾನೂರ ಹನ್ನೆರಡು ಕಡೆಯಿಂದ ಒಬ್ಬರಾದರೂ ಕೇಳಬಾರದಿತ್ತೇ? ಕೇಳುವುದೆಲ್ಲಿ ಬಂತು, ಮಾಡಿ ನೋಡಿದ್ದರೆ ತಾನೇ! ಉಣ್ಣದೇ ಅಡುಗೆ ಹೊಗಳಿದವರು.

ಕೆಳಗಿನ ಉಗ್ರಾಣದಿಂದ ಗಾಜಣ್ಣನನ್ನು ಕರೆಸಿದರು. ಇಪ್ಪತ್ತೆಂಟು ವರ್ಷ ಪ್ರಯೋಗಾಲಯದ ಗಾಜುಗಳನ್ನೆಲ್ಲ ತೊಳೆದು ಬಂದ ಹೆಸರು ಅದು. ತೊಳೆಯುವ ಯಂತ್ರ ಬಂದ ಮೇಲೆ ಅವರನ್ನು ಉಗ್ರಾಣಕ್ಕೆ ಹಾಕಿದ್ದರು.

"ಅಣ್ಣಾ, ಆಗ ನಾವು ಇದನ್ನ ಹೇಗೆ ಮಾಡ್ತಿದ್ವಿ? ಏನಾದ್ರೂ ಬರೆಯೋದು ಬಿಟ್ಟಿದೀನಾ?"

ಗಾಜಣ್ಣ ಫ್ಲಾಸ್ಕನ್ನು ಒಂದು ಸುತ್ತು ತಿರುಗಿಸಿದರು. ತಲೆ ಕೆರೆದುಕೊಂಡರು. "ಬೈಯಲ್ಲ ಅಂದ್ರೆ ಹೇಳ್ತೀನಿ."

"ಇನ್ನು ಬೈದು ಏನಾಗ್ಬೇಕು? ಹೇಳಿ."

"ಮೊದಲ್ನೇ ಸಲ, ರಜೆ ಮುಗಿಸಿ ಬಂದಾಗ ತಾನಾಗೇ ಹರಳು ಕಟ್ಟಿತ್ತಲ್ಲ, ನೀವು ಕುಣಿದಾಡಿದ್ರಿ. ಆ ಫ್ಲಾಸ್ಕಿನ ಕಾಲ್ಗುಣ ಒಳ್ಳೇದು ಅಂತ ಬೇರೆ ಇಟ್ಟೆ. ಸೋಪು ಗೀಪು ಹಾಕ್ತಿರ್ಲಿಲ್ಲ. ಸುಮ್ನೆ ಒಂದು ಸಲ ಅಲ್ಲಾಡಿಸಿ ಚೆಲ್ತಿದ್ದೆ. ಆಮೇಲೆ ನೀವು ಹರಳು ಕಟ್ಟಿಸಿದ್ದೆಲ್ಲ ಅದ್ರಲ್ಲೇ."

"ಅಂದ್ರೆ ತೊಳೀತಾನೇ ಇರ್ಲಿಲ್ವಾ!"

ಗಾಜಿನ ಮೇಲೆ ಬೆರಳಚ್ಚು ಕಂಡರೂ ರೇಗುತ್ತಿದ್ದ ಪ್ರೊಫೆಸರಮ್ಮನಿಗೆ ಈಗ ನಗು ತಡೆಯಲಾಗಲಿಲ್ಲ. ಫ್ಲಾಸ್ಕಿನ ಒಳಗೋಡೆಗೆ ಅಂಟಿಕೊಂಡಿದ್ದ ಹಳೆಯ ಹರಳಿನ ಕಣವೇ ಹೊಸದನ್ನು ಕಟ್ಟಿಸುತ್ತಿತ್ತು.

"ಹಾಲಿಗೆ ಹೆಪ್ಪು ಹಾಕಿದ ಹಾಗೆ, ಅಷ್ಟೇ ತಾನೇ?" ಅಂದರು ಗಾಜಣ್ಣ.

ಬೀರುವಿನ ಮೂಲೆಯಲ್ಲಿ ಆ ಕಾಲದ ಪುಡಿ ಒಂದು ಸೀಸೆಯ ತಳದಲ್ಲಿ ಉಳಿದಿತ್ತು. ಸೂಜಿಯ ತುದಿಯಷ್ಟು ತೆಗೆದು ಎಣ್ಣೆಗೆ ಹಾಕಿದರು. ಮೊದಲು ಮಂಜು ಮುಸುಕಿದ ಹಾಗಾಯಿತು. ನೋಡುತ್ತಿದ್ದಂತೆ ಬಿಳುಪು ತಳದಿಂದ ಅಂಚಿನವರೆಗೆ ಹಬ್ಬಿತು.

"ಬಂತು! ಅಣ್ಣಾ, ಬಂತು ನೋಡಿ!" ಅಂದಿಗಿಂತ ಇಂದೇ ಅವರಿಗೆ ಹೆಚ್ಚು ಸಂತೋಷವಾಗಿತ್ತು.

ಹುಡುಗಿಗೆ ಆಗಲೇ ಉತ್ತರ ಬರೆದರು. "ನಿನ್ನ ಕೈ ಚೆನ್ನಾಗೇ ಇದೆ, ಮಗಳೇ. ತಪ್ಪು ನನ್ನ ಪ್ರಬಂಧದ್ದು. ಚಿಟಿಕೆ ಹರಳು ಕಳಿಸ್ತಿದೀನಿ." ಆಮೇಲೆ ಪ್ರಬಂಧ ಅಚ್ಚಾಗಿದ್ದ ಪತ್ರಿಕೆಗೆ ತಿದ್ದುಪಡಿ ಟೈಪು ಮಾಡಲು ಕೂತರು.

"ಫ್ಲಾಸ್ಕು ಕೊಳಕಾಗಿತ್ತು ಅಂತ ಮಾತ್ರ ಬರೀಬೇಡಿ ಮೇಡಂ. ಮರ್ಯಾದೆ ಪ್ರಶ್ನೆ."

"ಹಳೇ ಹರಳಿನ ಕಣ ಉಳಿದಿತ್ತು ಅಂತ ಬರೀತೀನಿ, ಬಿಡಿ." ಕೊನೆಯಲ್ಲಿ ತಮ್ಮ ಹೆಸರು ಹಾಕಿ, ಅದರ ಪಕ್ಕ ಇನ್ನೊಂದು ಹೆಸರು ಸೇರಿಸಿದರು.

"ಅಯ್ಯೋ, ನನ್ ಹೆಸ್ರು ಯಾಕೆ? ನಾನೇನು ಓದಿದೋನಾ?"

"ತಪ್ಪಲ್ಲಿ ನಿಮ್ಮ ಪಾಲು ನಿಮಗೆ ಬೇಡ್ವಾ?"

ಗಾಜಣ್ಣ ಒಣಗಿದ್ದ ಕೈಯನ್ನೇ ಅಭ್ಯಾಸದಂತೆ ಅಂಗಿಗೆ ಒರೆಸಿಕೊಂಡು ಪರದೆಯ ಹತ್ತಿರಕ್ಕೆ ಬಗ್ಗಿದರು. ಒಂದೊಂದೇ ಅಕ್ಷರ ಓದಿದರು.

"ನಮ್ಮಪ್ಪನ ಹೆಸ್ರು ಬಿಟ್ಟುಹೋಗಿದೆ," ಅಂದರು.

ಪ್ರೊಫೆಸರಮ್ಮ ಕರ್ಸರನ್ನು ಹಿಂದಕ್ಕೆ ತಂದು ನಿಲ್ಲಿಸಿದರು. "ಹೇಳಿ."