ಅರ್ಧ ಸಾಕ್ಷಿ

"ದೂರ ಹೋಗಬೇಕಾಗಿಲ್ಲ, ನಮ್ಮ ಸಭೆಯಲ್ಲಿಯೇ ಒಬ್ಬ ತಾಯಿ ಇದ್ದಾರೆ" ಎಂದು ಪಾಸ್ಟರ್ ದೇವಮಿತ್ರ ಪ್ರಸಂಗದ ನಡುವೆ ಒಂದು ಗಳಿಗೆ ಮಾತು ನಿಲ್ಲಿಸಿದರು. ಅನ್ನಮ್ಮ ಟೀಚರ್ ಆಗ ಮುಂದಿನ ಜಮಖಾನೆಯ ಮೇಲೆ ಸಂಡೇ ಸ್ಕೂಲಿನ ಮಕ್ಕಳ ನಡುವೆ ಕೂತು, ಒಬ್ಬ ಹುಡುಗಿಯ ಬಿಚ್ಚಿಹೋದ ಜಡೆಗೆ ರಿಬ್ಬನ್ ಕಟ್ಟುತ್ತಿದ್ದಳು. ಯಾರೋ ಪುಣ್ಯಾತ್ಗಿತ್ತಿಯ ಕಥೆ ಬರುತ್ತದೆ ಎಂದುಕೊಂಡಳು.

"ಆ ತಾಯಿ ಮಗನನ್ನು ಕಳೆದುಕೊಂಡರು. ಅಂದಿನಿಂದ ಅವರಿಗೆ ಪ್ರಾರ್ಥನೆ ಬರುವುದಿಲ್ಲ. ಇಲ್ಲಿ ನಮ್ಮೆಲ್ಲರ ಜೊತೆ ನಿಲ್ಲುತ್ತಾರೆ, ತುಟಿ ಅಲ್ಲಾಡುತ್ತದೆ, ಒಳಗೆ ಏನೂ ಇಲ್ಲ. ನಿರೀಕ್ಷೆ ಸತ್ತರೆ ಮನುಷ್ಯ ಹೀಗಾಗುತ್ತಾನೆ, ಪ್ರಿಯರೇ!"

ಶಹಾಪುರದ ಆ ಸಣ್ಣ ಚರ್ಚಿನಲ್ಲಿ, ಬೆಳೆದು ನಿಂತ ಮಗನನ್ನು ಕಳೆದುಕೊಂಡವಳು ಅನ್ನಮ್ಮ ಒಬ್ಬಳೇ. ಇನ್ನು ಹೆಸರು ಬೇರೆ ಹೇಳಬೇಕಿತ್ತೇ? ಹೆಂಗಸರ ಸಾಲಿನಲ್ಲಿ ಮೊದಲು ಒಂದು ತಲೆ ತಿರುಗಿತು, ಆಮೇಲೆ ನಾಲ್ಕು, ಆಮೇಲೆ ಗಂಡಸರ ಕಡೆಯಿಂದಲೂ. ಹಿಂದೆ ಯಾರೋ ಮೂಗು ಎಳೆದುಕೊಂಡರು. ಅನ್ನಮ್ಮನಿಗೆ ಮೈಯೆಲ್ಲ ಬೆಂಕಿ ಹತ್ತಿದಂತಾಯಿತು.

"ಟೀಚರ್, ನೋಯಾಕತ್ತೈತ್ರಿ" ಎಂದಳು ಹುಡುಗಿ. ಅನ್ನಮ್ಮ ಅವಳ ಜಡೆಯನ್ನು ಎಳೆದು ಹಿಡಿದುಕೊಂಡಿದ್ದಳು.

ಅದನ್ನೆಲ್ಲ ಪಾಸ್ಟರಿಗೆ ಹೇಳಿದವಳು ಅನ್ನಮ್ಮನೇ, ನಿಜ. ಸಗರದ ಅಂಗನವಾಡಿಯಿಂದ ನಿವೃತ್ತಳಾದ ಮೇಲೆ ಅವಳಿಗಿದ್ದವನು ಮಗ ಜಯಶೀಲ ಒಬ್ಬನೇ. ಅವನು ಸುರಪುರದ ರಸ್ತೆಯಲ್ಲಿ ಟಿಪ್ಪರಿಗೆ ಸಿಕ್ಕಿ ಹೋದ. ಅಲ್ಲಿಯವರೆಗೆ ಒಳಗಿನ ಮಾತನ್ನು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ. ದೇವಮಿತ್ರ ದೇವಶಾಸ್ತ್ರ ಓದಿಕೊಂಡು ಬಂದವರು, ಇನ್ನೂ ಚಿಕ್ಕ ವಯಸ್ಸು. ಅಮ್ಮಾ ಅಮ್ಮಾ ಎನ್ನುತ್ತ ಅಡುಗೆಮನೆಯವರೆಗೂ ಬಂದು, ರೊಟ್ಟಿ ಪುಂಡಿಪಲ್ಯ ಕೇಳಿ ಹಾಕಿಸಿಕೊಂಡು ಉಣ್ಣುವವರು. ಒಂದು ಮಧ್ಯಾಹ್ನ ಶೇಂಗಾ ಸುಲಿಯುತ್ತ ಕೂತಿದ್ದಾಗ ಅವಳ ಬಾಯಿಂದ ಎಲ್ಲ ಬಂದುಬಿಟ್ಟಿತ್ತು.

"ಪ್ರಾರ್ಥನಾ ಬರವಲ್ದು, ಪಾಸ್ಟರ್ ಸಾಬ್ರ. ತುಟಿ ಅಷ್ಟ ಅಲ್ಲಾಡತಾವ. ಆದ್ರ ಹುಡುಗರಿಗೆ ಕಥಿ ಹೇಳೂಮುಂದ ಮಾತ್ರ ನನ್ನ ಹಿಂದ ಯಾರೋ ನಿಂತು ಕೇಳಾಕತ್ತಾರ ಅನಸತೈತ್ರಿ. ಆವಾಗ ಹಗರ ಆಗತೈತಿ ಜೀವ. ಅಷ್ಟ ಉಳದೈತಿ ನನಗ. ಅದೂ ಹೋತಂದ್ರ ನಾ ಚರ್ಚಿಗಿ ಬರೂದರ ಯಾಕ? ಈ ಮಾತು ನಿಮ್ಮ ಹೊಟ್ಯಾಗ ಇರ್ಲಿ."

"ಭರೋಸಾ ಇಡ್ರಿ ಅಮ್ಮಾ" ಎಂದಿದ್ದರು ದೇವಮಿತ್ರ, ಅವಳ ಕೈ ಹಿಡಿದುಕೊಂಡು. ಅವಳು ಇಟ್ಟಿದ್ದಳು.

ಆರಾಧನೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ಸಭೆಯ ಹಿರಿಯ ಶಾಂತಪ್ಪ ಅವಳನ್ನು ಕರೆದ. ಅವನ ಮೊಮ್ಮಕ್ಕಳಿಗೆ ಮೊದಲ ಹಾಡು ಬಾಯಿಗೆ ಬರಿಸಿದವಳು ಅನ್ನಮ್ಮನೇ.

"ಮನಸಿಗೆ ಹಚ್ಕೋಬ್ಯಾಡವಾ ತಂಗಿ. ಆದ್ರ ಒಳಗ ಏನೂ ಇಲ್ಲಂದ ಮ್ಯಾಲ ಹುಡುಗರಿಗೆ ಏನ ಕೊಡತಿ ಹೇಳು? ಮಂದಿ ಆಗ್ಲೇ ಮಾತಾಡಾಕತ್ತಾರ. ನಮ್ಮ ಸೊಸಿ ಮಲ್ಲೇಶ್ವರಿ ಬಿ.ಎಡ್. ಮಾಡ್ಯಾಳ. ಸಂಡೇ ಸ್ಕೂಲ್ ಆಕಿ ನೋಡ್ಕೊಳ್ಳಲಿ, ಸ್ವಲ್ಪ ದಿನ."

ಅನ್ನಮ್ಮ ಪಾಸ್ಟರ ಕಡೆ ನೋಡಿದಳು. ಅಲ್ಲೇ ನಿಂತು ಜನರ ಕೈ ಕುಲುಕುತ್ತಿದ್ದರಲ್ಲ, ಎಲ್ಲ ಕೇಳಿಸಿರಬೇಕು. ಒಂದು ಮಾತು ಆಡಿದ್ದರೆ ಸಾಕಿತ್ತು.

"ಹಿರಿಯರು ನಿಮ್ಮ ಒಳ್ಳೇದಕ್ಕ ಹೇಳಾಕತ್ತಾರಮ್ಮಾ" ಎಂದರು ದೇವಮಿತ್ರ. "ನಿಮಗೂ ಆರಾಮ ಬೇಕಲ್ಲ."

ಆರಾಮವಂತೆ ಆರಾಮ! ಮನೆಗೆ ಬಂದವಳು ಒಲೆ ಹಚ್ಚಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಅತ್ತಳು, ಅತ್ತು ಸಾಕಾಗಿ ಬೈದಳು, ಬೈದು ಸಾಕಾಗಿ ಸುಮ್ಮನೆ ಕೂತಳು. ಮಗ ಹೋದಾಗ ದೇವರ ಮೇಲೆ ಸಿಟ್ಟು ಬಂದಿತ್ತು, ಆದರೆ ದೇವರು ಅವಳ ಮನೆಯ ರೊಟ್ಟಿ ತಿಂದು ಮಾತು ಕೊಟ್ಟಿರಲಿಲ್ಲ.

ಸಂಜೆ ದೇವಮಿತ್ರ ಬಂದರು. ಮುಖದ ತುಂಬ ಖುಷಿ.

"ಅಮ್ಮಾ, ಎಷ್ಟ ಮಂದಿ ಅತ್ರು ನೋಡಿದ್ರ್ಯಾ? ಪ್ರಸಂಗ ಅಂದ್ರ ಹಿಂಗ ಮುಟ್ಟಬೇಕು ಅಂತಾರ ಎಲ್ಲಾರೂ. ಮುಂದಿನ ತಿಂಗಳ ಯಾದಗಿರಿ ಕನ್ವೆನ್ಷನ್‌ನ್ಯಾಗ ನೀವ ನಿಂತು ನಿಮ್ಮ ಅನುಭವದ ಈ ಸಾಕ್ಷಿ ಹೇಳಿದ್ರ..."

"ಅರ್ಧಾನ ಹೇಳಿದ್ರಿ" ಎಂದಳು ಅನ್ನಮ್ಮ.

"ಏನಮ್ಮಾ?"

"ತುಟಿ ಅಲ್ಲಾಡತಾವ ಅನ್ನೂದು ಹೇಳಿದ್ರಿ. ಹುಡುಗರ ಮುಂದ ಕೂತಾಗ ಯಾರೋ ಕೇಳಾಕತ್ತಾರ ಅನಸತೈತಿ ಅಂದಿದ್ನಲ್ಲ, ಅದನ್ಯಾಕ ಬಿಟ್ರಿ?"

ದೇವಮಿತ್ರ ಸುಳ್ಳು ಹೇಳುವ ಮನುಷ್ಯನಲ್ಲ, ಅದೇ ಕಷ್ಟ. ಸ್ವಲ್ಪ ಯೋಚಿಸಿಯೇ ಹೇಳಿದರು. "ಅದು ಸೇರಿಸಿದ್ರ ಪಾಯಿಂಟ್ ಸಡ್ಲ ಆಗತಿತ್ತಮ್ಮಾ. ನಿರೀಕ್ಷೆ ಸತ್ತವರದು ಒಂದು ಉದಾಹರಣೆ ಬೇಕಾಗಿತ್ತು. ಮತ್ತ ಹೆಸರು ಹೇಳಿಲ್ಲಲ್ರಿ ನಾನು?"

ಅನ್ನಮ್ಮ ಅವರನ್ನೇ ನೋಡಿದಳು. ಆ ಮುಖದಲ್ಲಿ ಕಪಟ ಹುಡುಕಿದಳು. ಸಿಕ್ಕಿದ್ದರೆ ಬೈದು ಕಳಿಸಬಹುದಿತ್ತು.

"ಮೋಸ ಮಾಡಿದ್ರಿ" ಎಂದಳು. "ಹೊರಗಿನವರು ಮಾಡಿದ್ರ ಥೂ ಅಂತ ಉಗುಳಿ ಬಿಡತಿದ್ದೆ. ನಿಮ್ಮನ್ನ ಮನಿ ಮಗ ಅಂತ ತಿಳದಿದ್ದೆ. ನನಗ ಉಳದಿದ್ದ ಅದೊಂದು. ಅದನ್ನೂ ಶಾಂತಪ್ಪನ ಸೊಸಿ ಕೈಯಾಗ ಕೊಟ್ಟು ಬಂದ್ರಿ."

ಪಾಸ್ಟರ ಮುಖ ಸಪ್ಪಗಾಯಿತು. ಆಮೇಲೆ ತಮಗೆ ಗೊತ್ತಿದ್ದ ಒಂದೇ ದಾರಿ ಹಿಡಿದರು.

"ಬರ್ರಿ ಅಮ್ಮಾ, ಪ್ರಾರ್ಥನಾ ಮಾಡೋಣು" ಎಂದು ಕುರ್ಚಿಯಿಂದ ಇಳಿದು ಮೊಣಕಾಲೂರಿ ಕಣ್ಣು ಮುಚ್ಚಿದರು. "ಪರಲೋಕದ ತಂದೆಯೇ, ಈ ನಿನ್ನ ಮಗಳು ಅನ್ನಮ್ಮ..."

ಅನ್ನಮ್ಮ ಎದ್ದಳು. ಚಪ್ಪಲಿ ಮೆಟ್ಟದೆ ಹೊಸ್ತಿಲು ದಾಟಿ, ಎದುರು ಮನೆಯ ಕಟ್ಟೆಗೆ ಹೋಗಿ ಕೂತಳು. ಅಲ್ಲಿ ಚಮನಬೀ ಮೊರದಲ್ಲಿ ತೊಗರಿಬೇಳೆ ಹರವಿಕೊಂಡು ಕಲ್ಲು ಆರಿಸುತ್ತಿದ್ದಳು.

"ಯಾರ ಅದಾರ ಅನ್ನಮ್ಮಕ್ಕಾ ಮನ್ಯಾಗ? ಮಾತ ಕೇಳಾಕತ್ತೈತಿ."

"ಪಾಸ್ಟರ್."

"ಯಾ ಅಲ್ಲಾ! ನೀ ಇಲ್ಲಿ ಕುಂತೀದಿ, ಅವರು ಯಾರ ಜೋಡಿ ಮಾತಾಡಾಕತ್ತಾರ?"

"ದೇವರ ಜೋಡಿ. ನನ್ನ ಸುದ್ದಿ ಹೇಳಾಕತ್ತಾರ, ಅವಗೂ."

ಚಮನಬೀ ಮೊರವನ್ನು ಇಬ್ಬರ ನಡುವೆ ಸರಿಸಿದಳು. ಒಳಗಿನ ಧ್ವನಿ ಏರಿತು, ಇಳಿಯಿತು, ನಡುವೆ ಒಂದು ಸಲ ಗದ್ಗದವೂ ಆಯಿತು. ಕೊನೆಗೆ "ಆಮೆನ್" ಎಂದಿತು, ಎಂದು ಕಾಯಿತು.

ಅನ್ನಮ್ಮ ಬೇಳೆಯಲ್ಲಿ ಕೈಯಾಡಿಸಿದಳು.

"ಆಮೆನ್?" ಎಂದಿತು ಧ್ವನಿ ಇನ್ನೊಮ್ಮೆ, ಈ ಸಲ ಸಣ್ಣಗೆ. ಅವಳು ಒಂದು ಹರಳು ಹೆಕ್ಕಿ ಬೀದಿಗೆ ಎಸೆದಳು.