ಕವಲುಬಂಡೆಯ ನೀರು

ಟೇಕಲ್ ಆಚೆಯ ಬೆಟ್ಟದಲ್ಲಿ ಹುಟ್ಟುವ ಹಳ್ಳ ಬಂಡೆಗಳ ಸಂದಿಯಲ್ಲಿ ಇಳಿದು, ಸೀತಾಫಲದ ಗಿಡಗಳ ನಡುವೆ ಹರಿದು, ಕವಲುಬಂಡೆಯ ಹತ್ತಿರ ಎರಡಾಗುತ್ತದೆ. ಮೂಡಣದ ಕವಲು ಗುಟ್ಟಹಳ್ಳಿಯ ಕೆರೆಗೆ, ಪಡುವಣದ್ದು ಕಾಡೇನಹಳ್ಳಿಯ ಕೆರೆಗೆ. ಆ ಬೆಟ್ಟದ ಮೇಲೆ ಬಿದ್ದ ಮಳೆಯೇ ಎರಡೂ ಊರಿಗೆ ಆಧಾರ.

ಭಾರತಮ್ಮ ಹುಟ್ಟಿದ್ದು ಗುಟ್ಟಹಳ್ಳಿಯಲ್ಲಿ, ಸೇರಿದ್ದು ಕಾಡೇನಹಳ್ಳಿಗೆ. ಎಪ್ಪತ್ತೆರಡರಲ್ಲಿ ಮಳೆ ಹೋದಾಗ ಗುಟ್ಟಹಳ್ಳಿಯವರು ಪಡುವಣ ಕವಲಿನ ಬಾಯಿಗೆ ಕಲ್ಲು ಅಡ್ಡವಿಟ್ಟರು. ತೆಗೆಯಲು ಹೋದ ಕಾಡೇನಹಳ್ಳಿಯವರಿಗೂ ಅವರಿಗೂ ಹೊಡೆದಾಟವಾಗಿ ಭಾರತಮ್ಮನ ಗಂಡ ಚನ್ನರಾಯಪ್ಪನ ಮೊಣಕಾಲು ಮುರಿಯಿತು. ಎದುರು ಗುಂಪಿನಲ್ಲಿ ಅವಳ ಅಣ್ಣ ಆವಲಪ್ಪನೂ ಇದ್ದ. ಕಲ್ಲುಗಳು ಅಲ್ಲೇ ಉಳಿದವು. ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು. ತಾಯಿ ಸತ್ತಾಗಲೂ ಭಾರತಮ್ಮನಿಗೆ ಯಾರೂ ಹೇಳಿಕಳಿಸಲಿಲ್ಲ. ಸಂತೆಯಲ್ಲಿ ಯಾರದೋ ಬಾಯಿಂದ ಸುದ್ದಿ ಕೇಳಿ, ಕೊಂಡ ತರಕಾರಿಯನ್ನು ಅಲ್ಲೇ ಬಿಟ್ಟು ಮನೆಗೆ ನಡೆದಿದ್ದಳು.

ಎಪ್ಪತ್ತೇಳರ ಕಾರ್ತಿಕದಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದು ಬೆಳಿಗ್ಗೆ ಆವಲಪ್ಪ ಗೋಣಿಚೀಲ ಹೊದ್ದುಕೊಂಡು ತಂಗಿಯ ಬಾಗಿಲಿಗೆ ಬಂದು ನಿಂತ.

"ನಮ್ ಕೆರೆ ಏರಿ ಜಿನುಗ್ತಾ ಐತೆ ಬಾವಾ. ನೀರು ಈ ಕಡೆ ಬಿಡ್ಬೇಕು. ಕಲ್ಲು ನಾವೇ ತೆಗೀಬೋದಾಗಿತ್ತು. ನಿಮ್ ಹೊಲ ಹಳ್ಳದ ಪಕ್ಕದಲ್ಲೇ ಐತಲ್ಲ, ಕೇಳ್ದೆ ತೆಗಿಯಕ್ಕೆ ಮನ್ಸು ಬರ್ಲಿಲ್ಲ."

"ಕುಯ್ಲಿಗೆ ಬಂದಿರೋ ರಾಗಿ ಅದು," ಎಂದ ಚನ್ನರಾಯಪ್ಪ. "ಐದು ವರ್ಷ ಒಂದ್ ಹನಿ ಬಿಡ್ಲಿಲ್ಲ. ಈಗ ನಿಮ್ಗೆ ಬ್ಯಾಡದ ನೀರು ನಮ್ಗಾ?"

ಒಳಗಿನಿಂದ ಭಾರತಮ್ಮ ಕೇಳಿದಳು: "ಅಮ್ಮನ್ನ ಎಲ್ಲಿ ಮಣ್ ಮಾಡಿದ್ರಣ್ಣಾ?"

"ಏರಿ ಕೆಳಗಿನ ತೋಟದಲ್ಲಿ."

ಅವಳು ಮೂಲೆಯಲ್ಲಿದ್ದ, ಕಲ್ಲು ಮೀಟುವ ಗಡಾರಿಯನ್ನು ತೆಗೆದುಕೊಂಡು ಮಳೆಗೆ ಇಳಿದಳು. ಚನ್ನರಾಯಪ್ಪ ಅವಳ ಬೆನ್ನನ್ನೇ ನೋಡಿದ. ಆಮೇಲೆ, "ತಡಿಯೇ, ಜಾರ್ತೀಯ, ನಾನೂ ಬರ್ತೀನಿ," ಎಂದು ಕುಂಟುತ್ತಾ ಹಿಂದೆ ಹೊರಟ.

ಮೂವರೂ ಸೇರಿ ಕಲ್ಲು ಕಿತ್ತರು. ಮೊದಲು ಕೆಸರು, ಆಮೇಲೆ ಕೆಂಪು ನೀರು ಪಡುವಣಕ್ಕೆ ನುಗ್ಗಿತು. ಮಧ್ಯಾಹ್ನದ ಹೊತ್ತಿಗೆ ಚನ್ನರಾಯಪ್ಪನ ಹೊಲದಲ್ಲಿ ತೆನೆಗಳ ತುದಿ ಮಾತ್ರ ಕಾಣುತ್ತಿತ್ತು. ಗುಟ್ಟಹಳ್ಳಿಯ ಏರಿ ಉಳಿಯಿತು.

ಮಳೆ ನಿಂತು ನೀರು ಇಳಿದ ಮೇಲೆ ಆವಲಪ್ಪ ಹೆಂಡತಿಯೊಂದಿಗೆ ಕುಡುಗೋಲು ಹಿಡಿದು ಬಂದ. ರಾಗಿ ತೆನೆಯಲ್ಲೇ ಮೊಳೆತಿತ್ತು. ದನಕ್ಕೆ ಹುಲ್ಲಾದರೂ ಸಿಗಲೆಂದು ಎಲ್ಲರೂ ಬಾಗಿ ಕುಯ್ದರು. ಚನ್ನರಾಯಪ್ಪ ಹೊಲದ ಇನ್ನೊಂದು ತುದಿಯಲ್ಲಿ ಕುಳಿತು ಕಂತೆ ಕಟ್ಟಿದ.

ಸಂಜೆ ಅಣ್ಣ ಅತ್ತಿಗೆ ಹೊರಟಾಗ ಚನ್ನರಾಯಪ್ಪ ತಲೆಯೆತ್ತದೆ ಹೇಳಿದ: "ಆ ಮೂಲೆ ಇನ್ನೂ ಉಳ್ಕೊಂಡೈತೆ. ನಾಳೆ ಬೇಗ ಬನ್ನಿ."